ಮೂರು ಕೆಂಪು ಉಂಗುರಗಳ ಕೋಲು

ಅವರ ಕೈಯಲ್ಲಿದ್ದ ಬಿದಿರುಕೋಲಿಗೆ ಮೂರು ಕೆಂಪು ಉಂಗುರಗಳಿದ್ದವು. ಮೊದಲನೆಯದು ಮೊಣಕಾಲಿನ ಮಟ್ಟಕ್ಕೆ, ಎರಡನೆಯದು ತೊಡೆಯ ನಡುವಿಗೆ, ಮೂರನೆಯದು ಎದೆಯ ಎತ್ತರಕ್ಕೆ. ಅದು ಉಗುರಿಗೆ ಹಚ್ಚುವ ಬಣ್ಣ. ಮಗಳ ಶೀಶೆಯಿಂದ ಕದ್ದದ್ದೆಂದು ಅವರೇ ಹೇಳುತ್ತಿದ್ದರು. ಆ ಕೋಲನ್ನು ಅವರು ಊರಿಕೊಂಡು ನಡೆದದ್ದನ್ನು ನಾನು ಕಾಣಲಿಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲ ಬಳಿ ಅದನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಒಳಗೆ ಹಾಸಿಗೆ ಹಿಡಿದವರಿದ್ದರೆ ಅವರ ಮಂಚದ ಪಕ್ಕಕ್ಕೂ ಒಯ್ದು ನಿಲ್ಲಿಸುತ್ತಿದ್ದರು. ಎಷ್ಟನೆಯ ಉಂಗುರಕ್ಕೆ ಮಂಚ ಮುಳುಗುತ್ತದೆ ಎಂಬುದನ್ನು ಕಣ್ಣಿನಲ್ಲೇ ಅಳೆದು, ಮಲಗಿದವರಿಗೆ ಗೊತ್ತಾಗದ ಹಾಗೆ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಒಂದು ಬೆರಳಾದರೆ ಒಂದನೆಯ ಉಂಗುರ. ನಾನು ಬರೆದುಕೊಳ್ಳುತ್ತಿದ್ದೆ.

ಅವರು ಮುದಗಲ್ಲಿನವರು. ನೀರಾವರಿ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಮೇಲೆ ಖಾಸಗಿ ಕಂಪನಿಯೊಂದರ ಪರವಾಗಿ ಮಸ್ಕಿಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯನ್ನು ಎಂಟು ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದರು. ಊರಿನವರೆಲ್ಲ ಕರೆಯುವಂತೆ ನಾನೂ ಅವರನ್ನು ಸಾಹೇಬರೆಂದೇ ಕರೆದೆ. ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆ ನೀರಿನ ನಳದ ಬಗ್ಗೆಯೂ ಅಲ್ಲ, ಕರೆಂಟಿನ ಬಗ್ಗೆಯೂ ಅಲ್ಲ.

"ಮಾಳಿಗಿಗೆ ಹತ್ತೂ ನಿಚ್ಚಣಿಕಿ ಎಲ್ಲೈತ್ರೀ?"

ನಿಚ್ಚಣಿಕೆ ಹಿತ್ತಿಲಲ್ಲಿ ಕಟ್ಟಿಗೆಯ ಅಡಿಯಲ್ಲಿತ್ತು. ನಮ್ಮ ಮನೆ ಗುಡ್ಡದ ಬುಡದಲ್ಲಿ, ಯಾವ ಹಳ್ಳವೂ ತಲುಪದ ಎತ್ತರದಲ್ಲಿದೆ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹಿತ್ತಿಲಿಗೆ ಹೋಗಿ ಕಟ್ಟಿಗೆ ಸರಿಸಿ, ನಿಚ್ಚಣಿಕೆಯನ್ನು ಹೊತ್ತು ತಂದು ಗೋಡೆಗೆ ಆನಿಸಿದರು. ಅದು ಇವತ್ತಿಗೂ ಅಲ್ಲಿಯೇ ಇದೆ.

ಅವರ ಕೆಲಸವನ್ನು ನಾನು ಅರ್ಥಮಾಡಿಕೊಂಡ ಬಗೆ ಹೀಗಿದೆ. ನಮ್ಮ ತಾಲ್ಲೂಕಿನ ಒಂದು ಹಳ್ಳಕ್ಕೆ ಅಡ್ಡಲಾಗಿ ಹಳೆಯ ಮಣ್ಣಿನ ಒಡ್ಡಿರುವ ಕೆರೆಯಿದೆ. ಆ ಒಡ್ಡು ಒಡೆದರೆ ಕೆಳಗಿನ ಊರಿನಲ್ಲಿ ಎಷ್ಟು ಜನ ಸಾಯಬಹುದು ಎಂಬುದನ್ನು ಕಂಪ್ಯೂಟರಿನಲ್ಲಿ ನೀರು ಹರಿಸಿ ಅಂದಾಜು ಮಾಡಬೇಕು. ಪರದೆಯ ಮೇಲೆ ಊರಿನ ಒಂದೊಂದು ಮನೆಯೂ ಒಂದು ಚೌಕ, ಒಬ್ಬೊಬ್ಬ ಮನುಷ್ಯನೂ ಒಂದು ಬಿಳಿ ಚುಕ್ಕೆ. ಸುದ್ದಿ ಮುಟ್ಟಿದೊಡನೆ ಚುಕ್ಕೆಗಳು ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೊರಡುತ್ತವೆ, ಹಿಂದಿನಿಂದ ನೀಲಿ ನೀರು ಬರುತ್ತದೆ. ನೀರು ಹಿಡಿದ ಚುಕ್ಕೆ ಕಪ್ಪಾಗುತ್ತದೆ. ಕಡೆಗೆ ಕಪ್ಪು ಚುಕ್ಕೆಗಳ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿನವರು ಇನ್ನೂ ಅಲ್ಲಿಯೇ ಇದ್ದಾರೆ. ಅಲ್ಲಿ ಹಳ್ಳದಿಂದ ಮೂರನೆಯ ಮನೆ ನನ್ನ ಅಕ್ಕನದು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಎರಡೂ ಮೊಣಕಾಲು ನೋವಿನವು. ಸಾಹೇಬರ ಪಟ್ಟಿಯಲ್ಲಿ ಅದು ನಲವತ್ತಮೂರನೆಯ ಮನೆ. ಒಡ್ಡು ಒಡೆದ ಸುದ್ದಿ ಸಾರಿದ ಇಪ್ಪತ್ತು ನಿಮಿಷಕ್ಕೆ ಅವಳ ಹೊಸ್ತಿಲಿಗೆ ನೀರು ಬರುತ್ತದೆಂದು ಕಂಪ್ಯೂಟರು ಹೇಳಿತ್ತು. ಆ ಇಪ್ಪತ್ತು ನಿಮಿಷ ಅಂದಿನಿಂದ ನನ್ನ ಎದೆಯಲ್ಲಿ ಕುಳಿತಿದೆ.

ನಾನು ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಕನ್ನಡ ಕಲಿಸಿ, ಗಂಟಲು ಕೆಟ್ಟು ಧ್ವನಿ ಕೈಕೊಟ್ಟ ಮೇಲೆ ನೌಕರಿ ಬಿಟ್ಟವಳು. ಅಕ್ಕನ ಊರಿನ ಅರ್ಧ ಜನ ನನ್ನ ಕೈಯಲ್ಲಿ ಕಲಿತವರು. ಆದ್ದರಿಂದ ಮನೆ ಮನೆಗೆ ತಿರುಗಿ ವಿವರ ಬರೆದುಕೊಳ್ಳುವ ಕೆಲಸಕ್ಕೆ ಸಾಹೇಬರು ನನ್ನನ್ನೇ ಕೇಳಿದರು. ನಡೆಯಬಲ್ಲವರೆಷ್ಟು, ಎತ್ತಿಕೊಂಡು ಹೋಗಬೇಕಾದವರೆಷ್ಟು, ಬೆಳಿಗ್ಗೆ ಹತ್ತಿ ಬಿಡಿಸಲು ಹೋಗುವವರೆಷ್ಟು, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ದುಡಿದು ವಾರಕ್ಕೊಮ್ಮೆ ಬರುವವರೆಷ್ಟು. ಇವೆಲ್ಲ ಮುದ್ರಿತ ಹಾಳೆಯಲ್ಲಿದ್ದ ಪ್ರಶ್ನೆಗಳು. ಇವುಗಳ ಕೊನೆಗೆ ಸಾಹೇಬರು ತಮ್ಮದೊಂದು ಪ್ರಶ್ನೆಯನ್ನು ಪೆನ್ಸಿಲಿನಲ್ಲಿ ಸೇರಿಸಿದ್ದರು: ಎದ್ದು ನಡೆಯಿರಿ ಎಂದರೆ ಮೊದಲು ಏನು ಮಾಡುತ್ತೀರಿ?

"ಎಮ್ಮಿ ಬಿಚ್ಚತೀನ್ರೀ," ಎಂದ ಒಬ್ಬ.

"ಗ್ಯಾಸ್ ಬಂದ್ ಮಾಡಿ ಕೀಲಿ ಹಾಕ್ತೀನ್ರೀ. ಕೀಲಿ ಎಲ್ಲಿಟ್ಟೀನಿ ಅಂತ ಮಾತ್ರ ಈಗ ಕೇಳಬ್ಯಾಡ್ರಿ," ಎಂದಳು ಒಬ್ಬ ಮುದುಕಿ.

"ಆಧಾರ್ ಕಾರ್ಡ್ ಹುಡಕ್ತೀನಿ. ಅದಿಲ್ಲಂದ್ರ ಸತ್ತಿದ್ದೂ ಬರಕೊಳ್ಳಂಗಿಲ್ಲ ಅವರು."

ಒಬ್ಬ ಸೊಸೆ, "ಅತ್ತೀನ್ನ ಕೇಳಬೇಕ್ರೀ," ಎಂದಳು. ಒಳಗಿನಿಂದ ಅತ್ತೆಯ ಧ್ವನಿ ಬಂತು: "ನೀರು ಬಂದಾಗರ ನನ್ನ ಕೇಳ್ತಾಳಂತ ನೋಡ್ರಿ ಈಕಿ. ಅಷ್ಟ ಸಾಕು."

ನಾನು ಇವನ್ನೆಲ್ಲ ತಿದ್ದಿ ಬರೆಯುತ್ತಿದ್ದೆ. "ಜಾನುವಾರುಗಳನ್ನು ಬಂಧಮುಕ್ತಗೊಳಿಸುತ್ತೇನೆ", "ದಾಖಲೆಗಳನ್ನು ಸಂಗ್ರಹಿಸುತ್ತೇನೆ" ಎಂದು. ಮೂರನೆಯ ದಿನ ಸಾಹೇಬರು ಹಾಳೆಗಳನ್ನು ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಅದರ ಗಾಜು ಒರೆಸಿದರು.

"ಅಕ್ಕೋರ, ಭಾಳ ಚಂದ ಬರದೀರಿ. ಆದ್ರ ಆ ಮುದುಕಿ ಕೀಲಿ ಹುಡುಕಾಕ ಎಷ್ಟೊತ್ತು ಹಿಡೀತದ ಅನ್ನೂದು ಆಕಿ ಮಾತಿನಾಗಿತ್ತು. ಅದನ್ನ ನೀವು ತಗದು ಹಾಕೀರಿ."

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಇಪ್ಪತ್ತನಾಲ್ಕು ವರ್ಷ ಇತರರ ಬರವಣಿಗೆಗೆ ಕೆಂಪು ಗೆರೆ ಎಳೆದ ಅಕ್ಕೋರು ನೂರಕ್ಕೂ ಹೆಚ್ಚು ಮನೆಗಳಿಗೆ ಮತ್ತೊಮ್ಮೆ ಹೋಗಿ, ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಂಡು ಬಂದರು.

ಆ ಪ್ರಶ್ನೆಯ ಮೂಲವನ್ನು ಸಾಹೇಬರು ಒಮ್ಮೆ ಮಾತ್ರ ಹೇಳಿದರು. ನಾವು ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆಯ ತಟ್ಟೆ ಮುಂದಿತ್ತು. ಮಿರ್ಚಿಯನ್ನು ಮುರಿದು ಹಾಗೆಯೇ ಕೈಯಲ್ಲಿ ಹಿಡಿದಿದ್ದರು. ಮೊದಲ ನೌಕರಿಯಲ್ಲಿ, ಹೊಳೆಯ ದಂಡೆಯ ಒಂದೂರನ್ನು ಅವರೇ ಖಾಲಿ ಮಾಡಿಸಿದ್ದರಂತೆ. ಎಲ್ಲರೂ ಹೊರಗೆ ಬಂದು, ಎಣಿಸಿಯೂ ಆಗಿತ್ತು. ಎಣಿಕೆ ಮುಗಿದ ಮೇಲೆ ಒಬ್ಬ ಮುದುಕ ಕೋಳಿಬುಟ್ಟಿ ತರಲು ಮರಳಿ ಹೋದ. "ನನ್ನ ಕಾಗದದಾಗ ಅಂವ ಬದುಕ್ಯಾನ ನೋಡ್ರಿ, ಇನ್ನತನಾ," ಎಂದು ಮಿರ್ಚಿಯನ್ನು ತಟ್ಟೆಯಲ್ಲಿಟ್ಟು ಎದ್ದುಹೋದರು.

ಎಲ್ಲ ವಿವರ ತುಂಬಿ ಕಂಪ್ಯೂಟರು ಓಡಿಸಿದಾಗ ಬಂದ ಸಂಖ್ಯೆ ಏಳು. ಅಕ್ಕನ ಚುಕ್ಕೆ ಬಿಳಿಯಾಗಿಯೇ ಉಳಿದಿತ್ತು. "ದ್ಯಾಮವ್ವನ ದಿನ್ನಿಗೆ ಹೋಗ್ತೀನಿ, ಮತ್ತೆಲ್ಲಿ ಹೋಗ್ಲಿ?" ಎಂದು ಅವಳು ಉತ್ತರ ಬರೆಸಿದ್ದಳು. ದ್ಯಾಮವ್ವನ ಗುಡಿಯ ದಿಬ್ಬವೇ ಆ ಊರಿನ ಎತ್ತರದ ಜಾಗ. ಚುಕ್ಕೆ ನಿಧಾನವಾಗಿ ಓಣಿ ದಾಟಿ, ನೀರಿಗಿಂತ ತುಸು ಮೊದಲು ದಿಬ್ಬ ಮುಟ್ಟಿದ್ದನ್ನು ನಾನು ನಾಲ್ಕು ಸಲ ನೋಡಿದೆ. ಸಾಹೇಬರು ಬೇಸರಿಸದೆ ನಾಲ್ಕು ಸಲವೂ ತೋರಿಸಿದರು. ಆದರೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ.

"ಏಳು ಅಂದ್ರ ಕಡಿಮಿ ಆತಲ್ರೀ, ಒಳ್ಳೇದಲ್ಲೇನ್ರೀ?" ಎಂದು ಕೇಳಿದೆ.

"ಕಡಿಮಿ ಬಂದಾಗನ ನನಗ ಅಂಜಿಕಿ, ಅಕ್ಕೋರ. ಏನೋ ಬಿಟ್ಟೀವಿ."

ಬಿಟ್ಟದ್ದೇನೆಂದು ಭಾದ್ರಪದದಲ್ಲಿ ಗೊತ್ತಾಯಿತು. ಎರಡು ವರ್ಷ ಹಳ್ಳದಲ್ಲಿ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಹಿಡಿದು, ಕೆರೆ ತುಂಬಿ, ಒಡ್ಡಿನ ಒಂದು ಕಡೆ ನೀರು ಜಿನುಗತೊಡಗಿತು. ಕೆರೆಯ ಭಾರ ಇಳಿಸಲು ತೂಬು ತೆರೆದು ಹಳ್ಳಕ್ಕೆ ನೀರು ಬಿಡುವುದೆಂದು ತೀರ್ಮಾನವಾಯಿತು. ಅಂದು ಬೆಳಿಗ್ಗೆ ಹತ್ತರ ಸುಮಾರಿಗೆ ನಾನೂ ಸಾಹೇಬರೂ ಅಕ್ಕನ ಮನೆಯ ಕಟ್ಟೆಯ ಮೇಲಿದ್ದೆವು. ಮೈಕು ಕಟ್ಟಿದ ಆಟೋ ಓಣಿಗೆ ಬಂತು. ಸಾರುವ ವಾಕ್ಯಗಳನ್ನು ಸಾಹೇಬರ ಕೋರಿಕೆಯಂತೆ ಮೊದಲೇ ಬರೆದುಕೊಟ್ಟವಳು ನಾನೇ: ಹಳ್ಳಕ್ಕೆ ನೀರು ಬರುತ್ತಿದೆ, ಒಡ್ಡಿಗೆ ಅಪಾಯವಿದೆ, ದಂಡೆಯ ಮನೆಯವರೆಲ್ಲ ದ್ಯಾಮವ್ವನ ದಿಬ್ಬಕ್ಕೆ ಹೋಗಬೇಕು.

ಸಾಹೇಬರು ಗಡಿಯಾರ ನೋಡಿದರು. ಬಾಗಿಲುಗಳು ತೆರೆದವು. ನಾವು ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಬೇಗ ಹೆಂಗಸರು ಹೊರಗೆ ಬಂದರು. ಯಾರೂ ಕೀಲಿ ಹುಡುಕಲಿಲ್ಲ, ಆಧಾರ್ ಕಾರ್ಡ್ ಹುಡುಕಲಿಲ್ಲ. ನಾನು ಹೆಮ್ಮೆಯಿಂದ ಸಾಹೇಬರ ಮುಖ ನೋಡಿದೆ. ಅವರೂ ನಗುತ್ತಿದ್ದರು. ಆಗ ನಮ್ಮ ಕಣ್ಣಿಗೆ ಹೆಂಗಸರ ಕೈಯಲ್ಲಿದ್ದ ತಟ್ಟೆಗಳು ಬಿದ್ದವು. ಅರಿಶಿನ, ಕುಂಕುಮ, ಎಲೆ, ಅಡಿಕೆ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಬಟ್ಟೆ. ಓಣಿಯ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ದಿಬ್ಬ, ಎಡಕ್ಕೆ ತಿರುಗಿದರೆ ಹಳ್ಳ. ಅವರೆಲ್ಲರೂ ಎಡಕ್ಕೆ ತಿರುಗಿದರು.

ನಮ್ಮ ಸೀಮೆಯಲ್ಲಿ ಬತ್ತಿದ ಹಳ್ಳಕ್ಕೆ ಹೊಸ ನೀರು ಬಂದರೆ ಗಂಗವ್ವ ತವರಿಗೆ ಬಂದಳೆಂದು ತಿಳಿದು ಉಡಿ ತುಂಬುತ್ತಾರೆ. ಮೊದಲ ನೀರಿಗೇ ತುಂಬಬೇಕು. ಅದು ಹರಿದುಹೋದ ಮೇಲೆ ತುಂಬಿದರೆ ಮಗಳು ಬರಿಗೈಯಲ್ಲಿ ಹೋದಂತೆ.

ಸಾಹೇಬರು ಅವರಿಗಿಂತ ಮುಂದಕ್ಕೆ ಓಡಿ, ಕೋಲನ್ನು ಓಣಿಗೆ ಅಡ್ಡ ಹಿಡಿದು ನಿಂತರು. "ತಾಯೇರ, ಆ ಕಡಿ ಅಲ್ರೀ. ದಿನ್ನಿ ಕಡಿ ನಡೀರಿ. ಕೈ ಮುಗೀತೀನಿ."

ಎಲ್ಲರಿಗಿಂತ ಮುಂದಿದ್ದವಳು ನನ್ನ ಅಕ್ಕ. ಆ ಮೊಣಕಾಲುಗಳಿಂದ ಅಷ್ಟು ವೇಗವಾಗಿ ಅವಳು ನಡೆದದ್ದನ್ನು ನಾನು ಆ ಹಿಂದೆ ಕಂಡಿರಲಿಲ್ಲ. "ಎರಡು ವರ್ಷಕ್ಕ ಬಂದಾಳ್ರೀ ಸಾಹೇಬ್ರ. ಬಾಗಿಲಿಗೆ ಬಂದಾಕಿಗೆ ಮಾರಿ ತೋರಸಲಾರದ ದಿನ್ನಿ ಏರಿ ಕುಂದರೂದೇನ್ರೀ? ಕೋಲು ತಗೀರಿ."

ಸಾಹೇಬರು ಅಕ್ಕನ ಹಿಂದೆ ನೋಡುತ್ತಿದ್ದರು. ಅಲ್ಲಿ ನಾನಿದ್ದೆ. ಯಾವಾಗ ಕಟ್ಟೆಯಿಂದ ಇಳಿದೆನೋ, ಯಾವಾಗ ತಲೆಯ ಮೇಲೆ ಸೆರಗು ಹೊದ್ದೆನೋ ತಿಳಿಯದು. ಅಕ್ಕನ ತಟ್ಟೆ ನನ್ನ ಕೈಯಲ್ಲಿತ್ತು.

"ಅಕ್ಕೋರ," ಎಂದರು ಸಾಹೇಬರು. "ನೀವೂ?"

ಅಂದು ನೀರು ದಂಡೆಯ ಮೇಲೆ ಮೊದಲನೆಯ ಉಂಗುರಕ್ಕೂ ಏರಲಿಲ್ಲ. ಒಡ್ಡು ನಿಂತಿತು. ಹೆಂಗಸರು ಉಡಿ ತುಂಬಿ, ಹಾಡಿ, ಮನೆಗೆ ಮರಳಿದರು. ಅವರ ಪಾಲಿಗೆ ಅದು ಒಳ್ಳೆಯ ದಿನ. ಮಸ್ಕಿಗೆ ಬರುವ ಆಟೋದಲ್ಲಿ ಸಾಹೇಬರು ಒಂದೇ ಮಾತು ಕೇಳಿದರು.

"ಇದು ನಿಮಗ ಗೊತ್ತಿತ್ತಲ್ರೀ?"

"ಸಣ್ಣಾಕಿದ್ದಾಗಿಂದ ಗೊತ್ತೈತ್ರೀ."

"ಮತ್ತ ಹೇಳಲಿಲ್ಲ?"

"ಹಾಳ್ಯಾಗ ಆ ಪ್ರಶ್ನಿ ಇರಲಿಲ್ರೀ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. "ಹೌದು, ನಾನೂ ಕೇಳಲಿಲ್ಲ," ಎಂದು ಹೊರಗೆ ನೋಡುತ್ತ ಕುಳಿತರು. ಪ್ರಶ್ನೆಗೆ ತಕ್ಕ ಉತ್ತರವನ್ನಷ್ಟೇ ಬರೆಯಬೇಕೆಂದು ನಾನು ಎಷ್ಟು ಮಕ್ಕಳಿಗೆ ಕಲಿಸಿದ್ದೆನೋ, ಅಷ್ಟೇ ಶಿಸ್ತಿನಿಂದ ನಾನೂ ನಡೆದುಕೊಂಡಿದ್ದೆ. ಮನೆ ಮನೆಗೆ ಎರಡು ಸಲ ತಿರುಗಿ, ಹೇಳಲೇಬೇಕಾದ ಒಂದು ಸಂಗತಿಯನ್ನು ಬಿಟ್ಟಿದ್ದೆ.

ನಾಲ್ಕು ದಿನ ಅವರು ಕೋಣೆಯಿಂದ ಹೊರಗೆ ಬಂದದ್ದು ನಮಾಜಿಗೆ, ಚಹಕ್ಕೆ ಮಾತ್ರ. ಐದನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅದೇ ಊರು, ಅದೇ ಓಣಿ. ಸುದ್ದಿ ಮುಟ್ಟಿತು. ಬಿಳಿ ಚುಕ್ಕೆಗಳು ಮನೆ ಬಿಟ್ಟು ಹೊರಟವು. ಹೆಚ್ಚಿನವು ನೀರಿನ ಕಡೆಗೇ ಹೊರಟವು. ಈ ಸಲ ನೀರಿಗೆ ಯಾರನ್ನೂ ಅಟ್ಟಿಸಿಕೊಂಡು ಬರುವ ಕೆಲಸವಿರಲಿಲ್ಲ. ಮೂಲೆಯಲ್ಲಿ ಕಾಣಿಸಿದ ಸಂಖ್ಯೆಯನ್ನು ನಾನು ಇಲ್ಲಿ ಬರೆಯಲಾರೆ. ನಲವತ್ತಮೂರನೆಯ ಮನೆಯ ಚುಕ್ಕೆ ದಂಡೆಯ ಮೇಲೆ ಕಪ್ಪಾಯಿತು. ಅದರ ಪಕ್ಕದಲ್ಲಿ ಇನ್ನೊಂದು ಕಪ್ಪು ಚುಕ್ಕೆಯಿತ್ತು. ಆ ಮನೆಯಲ್ಲಿ ಅಕ್ಕನ ಹೊರತು ಯಾರೂ ಇಲ್ಲ.

"ಇದು ಯಾರ್ರೀ?"

"ನೀವು ಅವತ್ತು ಊರಾಗಿದ್ರಿ, ಅಕ್ಕೋರ. ನಾ ಎಣಸಲೇಬೇಕಾತು."

ಕಂಪನಿಯ ಹುಡುಗನೊಬ್ಬನಿಗೆ ಅವರು ಸ್ಪೀಕರ್ ಹಾಕಿದ ಫೋನಿನಲ್ಲಿ ಇದನ್ನು ವಿವರಿಸಿದ್ದನ್ನು ನಾನು ಕೇಳಿದ್ದೇನೆ. "ಸುನೋ ಮಿಯಾ, ಲೋಗಾಂ ಪಾನೀ ಸೆ ಭಾಗ್ತೆ ನೈಂ, ಪಾನೀ ಕೆ ಪಾಸ್ ಜಾತೆಂ." ಜನ ನೀರಿನಿಂದ ಓಡುವುದಿಲ್ಲಪ್ಪ, ನೀರಿನ ಹತ್ತಿರ ಹೋಗುತ್ತಾರೆ. ಹುಡುಗ ಕನ್ನಡದವನೇ. "ಸರ್, ಹಂಗ ತೋರ್ಸೂ ದಾರಿ ಈ ಸಾಫ್ಟ್‌ವೇರ್‌ನಾಗ ಇಲ್ರೀ. ನೀವು ಚುಕ್ಕಿ ಕೈಲೆ ಸರಿಸಿದ್ದು ನಡಿಯಾಂಗಿಲ್ಲ, ಏಳಂತ ಬರದ ಕಳಿಸಿಬಿಡ್ರಿ," ಎಂದ.

"ಹಂಗಾದ್ರ ಸಾಫ್ಟ್‌ವೇರ್‌ನ ಒಂದ್ಸಲ ಮಸ್ಕಿ ಬಸ್ ಹತ್ತಸ್ರಿ. ನಾ ಚಾ ಕುಡಸ್ತೀನಿ," ಎಂದು ಸಾಹೇಬರು ಫೋನಿಟ್ಟರು. ವರದಿಯಲ್ಲಿ ಎರಡೂ ಸಂಖ್ಯೆಗಳನ್ನು ಬರೆದರು. ಎರಡನೆಯದು ಏಕೆ ಎಂಬ ಪುಟವನ್ನು ನನ್ನಿಂದ ಬರೆಸಿದರು. ಅದರಲ್ಲಿ ಹೆಂಗಸರ ಮಾತು ಅವರು ಆಡಿದಂತೆಯೇ ಇದೆ. ಒಂದಕ್ಷರವನ್ನೂ ನಾನು ತಿದ್ದಲಿಲ್ಲ. ಆ ವರದಿಯನ್ನು ಯಾರು ಓದಿದರೋ ನನಗೆ ತಿಳಿಯದು.

ವರದಿ ಕಳಿಸಿದ ಮೇಲೆ ಅವರ ಕೆಲಸ ಮುಗಿದಿತ್ತು. ಆದರೂ ಅವರು ಮರುದಿನವೇ ಆ ಊರಿಗೆ ಹೋಗಿ, ದ್ಯಾಮವ್ವನ ಗುಡಿಯ ಮುಂದೆ ಹೆಂಗಸರನ್ನು ಸೇರಿಸಿದರು.

"ಹಳ್ಳಕ್ಕ ಉಡಿ ತುಂಬಬ್ಯಾಡ್ರಿ ಅನ್ನಾಂಗಿಲ್ಲ ನಾನು. ಈ ದಿನ್ನಿ ಮ್ಯಾಲಿಂದ ತುಂಬಿದ್ರ ನಡಿಯಾಂಗಿಲ್ಲೇನ್ರೀ?"

ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ. "ನಿಮಗ ಮಗಳದಾಳಂತಲ್ರೀ. ಆಕಿ ತವರಿಗೆ ಬಂದ್ರ ಮಾಳಿಗಿ ಮ್ಯಾಲ ನಿಂತು ಸೀರಿ ಒಗೀತೀರೇನು ಕೆಳಗ?"

"ಇಲ್ರೀ. ಮ್ಯಾಲ ಕರೀತೀನಿ."

"ಮತ್ತ ಗಂಗವ್ವನ್ನೂ ಮ್ಯಾಲ ಕರೀರಿ."

ಅವಳು ಕೊಂಕು ನುಡಿದಿದ್ದಳು. ಸಾಹೇಬರು ಅದನ್ನು ಹಿಡಿದುಕೊಂಡರು. ಹಳ್ಳದ ನೀರನ್ನು ಒಂದು ಕೊಡದಲ್ಲಿ ತುಂಬಿ ತಂದು ಗುಡಿಯಲ್ಲಿಟ್ಟರೆ ಗಂಗವ್ವ ದಿಬ್ಬದ ಮೇಲೆಯೇ ಬಂದು ಕುಳಿತಂತಾಗುವುದಿಲ್ಲವೇ, ಮೈಕು ಕೂಗಿದಾಗ ಆ ಕೊಡಕ್ಕೇ ಉಡಿ ತುಂಬಬಹುದಲ್ಲವೇ ಎಂದು ಕೇಳಿದರು. ಹಿರಿಯ ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ಮಾತು ಸಂಜೆಯವರೆಗೂ ನಡೆಯಿತು. ಕಡೆಗೆ ಅಕ್ಕ ಹೇಳಿದಳು: "ಆತ್ರೀ. ಆದ್ರ ಕರಿಯಾಕ ತವರಿನ ಗಂಡಸ ಹೋಗಬೇಕು. ಕೇಳಿದವರು ನೀವು. ನೀವ ಕೊಡ ಹೊತ್ತು ತರ್ರಿ."

ಸಾಹೇಬರು ಕೋಲನ್ನು ನನ್ನ ಕೈಗೆ ಕೊಟ್ಟು, ಪ್ಯಾಂಟು ಮಡಚಿ ಹಳ್ಳಕ್ಕಿಳಿದರು. ಕೊಡ ಹೆಗಲ ಮೇಲೆ ಹೊತ್ತು ದಿಬ್ಬ ಏರುವಾಗ ಐದು ಸಲ ನಿಂತರು. ಹೃದಯದ ತೊಂದರೆಯಿದೆ ಎಂಬುದನ್ನು ಅವರು ನಮಗೆ ಹೇಳಿರಲಿಲ್ಲ. ಹಿಂದೆ ನಡೆಯುತ್ತಿದ್ದ ಹೆಂಗಸರು ಅವರು ನಿಂತಾಗಲೆಲ್ಲ ತಾವೂ ನಿಂತರು. ಯಾರೂ ಮುಂದೆ ಹೋಗಲಿಲ್ಲ. ಅಂದು ಮೊದಲ ಉಡಿಯನ್ನು ಅಕ್ಕ ತುಂಬಿದಳು.

ದೀಪಾವಳಿಗೆ ಮೊದಲು ಸಾಹೇಬರು ಮುದಗಲ್ಲಿಗೆ ಹೋದರು. ಮರುವರ್ಷ ಕಾರಹುಣ್ಣಿಮೆಯ ಮರುದಿನ ನಾನು ಪಂಚಾಯಿತಿಯವರನ್ನು ಒಪ್ಪಿಸಿ, ಒಡ್ಡು ಒಡೆದಿದೆ ಎಂಬಂತೆ ಮೈಕಿನಲ್ಲಿ ಸಾರಿಸಿ ನೋಡಿದೆ. ತಟ್ಟೆಗಳೊಡನೆ ಹೊರಬಂದ ಹೆಂಗಸರು ಓಣಿಯ ಕೊನೆಯಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬಲಕ್ಕೆ ತಿರುಗಿದರು. ನಾನು ಗಡಿಯಾರವನ್ನು ಗುಡಿಯ ಕಟ್ಟೆಯ ಮೇಲಿಟ್ಟು ನೋಡುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಬಂದವಳು ಅಕ್ಕ.

ಅಲ್ಲಿಂದಲೇ ಸಾಹೇಬರಿಗೆ ಫೋನು ಮಾಡಿದೆ. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದರು. ಮಗಳು ಫೋನನ್ನು ಅವರ ಕಿವಿಗೆ ಹಿಡಿದಿದ್ದಳು. ಎಲ್ಲರೂ ದಿಬ್ಬಕ್ಕೆ ಬಂದರೆಂದು ಹೇಳಿದೆ.

"ಎಲ್ಲಾರೂ?"

"ಎಲ್ಲಾರೂ ರೀ."

"ನಿಮ್ಮಕ್ಕಾರು?"

"ಬಂದಾಳ್ರೀ. ಇಪ್ಪತ್ತಾರು ನಿಮಿಷ."

ಸಂತೋಷದ ಒಂದು ಮಾತಿಗಾಗಿ ನಾನು ಕಾದೆ.

"ಆರು ಜಾಸ್ತಿ ಆತು, ಅಕ್ಕೋರ," ಎಂದರು.

ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಒಂಬತ್ತು ದಿನಗಳ ಬಳಿಕ ತೀರಿಕೊಂಡರು. ನಲವತ್ತನೆಯ ದಿನದ ಕಾರ್ಯ ಮುಗಿದ ಮರುದಿನ ಅವರ ಮಗಳು ಕೋಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಲಿಂಗಸುಗೂರಿನ ಮೇಲೆ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿಕೊಟ್ಟಳು. ಉಂಗುರಗಳಿಗೆ ಅವಳು ಹೊಸದಾಗಿ ಬಣ್ಣ ಹಚ್ಚಿದ್ದಳು.

ಮಸ್ಕಿಗೆ ಬಂದು ನನ್ನೊಡನೆ ಇರು ಎಂದು ಅಕ್ಕನನ್ನು ನಾನು ಎಷ್ಟು ಸಲ ಕರೆದಿದ್ದೇನೋ. "ನಾ ಒಬ್ಬಾಕಿ ಬಂದ್ರ ಓಣಿ ಬರ್ತದೇನ ತಂಗಿ?" ಎನ್ನುತ್ತಾಳೆ. ಆದ್ದರಿಂದ ಪ್ರತಿವರ್ಷ ಮುಂಗಾರಿಗೆ ಮುಂಚೆ ನಾನೇ ಅಲ್ಲಿಗೆ ಹೋಗಿ ಗಡಿಯಾರ ಹಿಡಿಯುತ್ತೇನೆ. ಅವಳ ಉಡಿಯ ಸಾಮಾನು ಈಗ ತಟ್ಟೆಯಲ್ಲಿಲ್ಲ. ಚೀಲದಲ್ಲಿ ಕಟ್ಟಿ ಬಾಗಿಲ ಮೊಳೆಗೆ ತೂಗುಹಾಕಿದೆ. ಕೀಲಿ ಹಾಕುವುದನ್ನು ಬಿಡಿಸಿದ್ದೇನೆ. ಏರುವಲ್ಲಿ ಪಕ್ಕದ ಮನೆಯ ಸೊಸೆ ತೋಳು ಹಿಡಿಯುತ್ತಾಳೆ. ಹೀಗೆ ಒಂದೊಂದೇ ನಿಮಿಷ ಕಳೆದು, ಈ ವರ್ಷ ಇಪ್ಪತ್ತೊಂದಕ್ಕೆ ಬಂದಿದೆ.

ಮೊನ್ನೆ ಹೊರಡುವಾಗ ನೋಡಿದೆ. ಅಕ್ಕ ತನ್ನ ಚಪ್ಪಲಿಗಳನ್ನು ಹೊಸ್ತಿಲಿಗೆ ಬೆನ್ನು ಮಾಡಿ, ಮೂತಿ ಓಣಿಯ ಕಡೆಗಿರುವಂತೆ ತಿರುಗಿಸಿಟ್ಟಿದ್ದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಕಳೆಯಲು ಇನ್ನೂ ಒಂದು ನಿಮಿಷ ಉಳಿದಿದೆ.